ತಲೆ ನೋಯದ ಮೈಗ್ರೇನ್

ಇವತ್ತು ಮಾತಾಡೋದು ತಲೆನೋವೇ ಇಲ್ಲದ ಮೈಗ್ರೇನ್ ಬಗ್ಗೆ. ಕೇಳೋಕೆ ವಿಚಿತ್ರ, ಆದ್ರೆ ನನಗೇ ವರ್ಷಕ್ಕೆ ಎರಡು ಮೂರು ಸಲ ಬರುತ್ತೆ.

ಮೊಬೈಲ್‌ನಲ್ಲಿ ಓದ್ತಿರೋ ಸಾಲಿನ ಮಧ್ಯೆ ಒಂದೆರಡು ಅಕ್ಷರ ಮಾಯ. ಆಮೇಲೆ ಆ ಜಾಗದ ಅಂಚಿನಲ್ಲಿ ಗರಗಸದ ಹಲ್ಲಿನಂಥ ಗೆರೆ ಮಿನುಗುತ್ತೆ. ಅದು ನಿಧಾನಕ್ಕೆ ಕಮಾನಿನ ಹಾಗೆ ಹಿಗ್ಗಿ, ಪಕ್ಕಕ್ಕೆ ಸರಿದು, ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಹೋಗಿಬಿಡುತ್ತೆ. ಇದಕ್ಕೆ ‘ಆರಾ’ ಅಂತಾರೆ. ಕೆಲವರಿಗೆ ಬೆರಳಲ್ಲಿ ಜುಮುಜುಮು ಶುರುವಾಗಿ ತುಟಿವರೆಗೂ ಹತ್ತುತ್ತೆ.

ಮನೇಲಿ ಎಲ್ರೂ ಬೈಯೋದು ಮೊಬೈಲನ್ನೇ. ಆದ್ರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡರಲ್ಲೂ ಅದೇ ಗೆರೆ ಕಂಡ್ರೆ, ಅದು ಹುಟ್ಟುತ್ತಿರೋದು ಕಣ್ಣಲ್ಲಲ್ಲ, ಮೆದುಳಲ್ಲಿ. ಅಮೆರಿಕದ ಕಾರ್ಲ್ ಲ್ಯಾಶ್ಲಿ ತಮಗೇ ಬರ್ತಿದ್ದ ಆರಾದ ಚಿತ್ರ ಬರೆದಿಟ್ಟುಕೊಂಡು, 1941ರಲ್ಲಿ ಒಂದು ಲೆಕ್ಕ ಕೊಟ್ಟರು: ಮೆದುಳಿನ ಹಿಂಭಾಗದಲ್ಲಿ ಏನೋ ಒಂದು ಅಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರೀತಿದೆ. 1944ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಲಿಯಾವ್, ಮೊಲದ ಮೆದುಳಿನಲ್ಲಿ ಅಂಥದ್ದೇ ನಿಧಾನದ ಅಲೆಯನ್ನ ಕಂಡರು. ಬಸವನಹುಳು ಇದಕ್ಕಿಂತ ಜೋರು!

ಈ ನಿಧಾನವೇ ಗುರುತು. ಸ್ಟ್ರೋಕ್ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ಬಡಿಯುತ್ತೆ. ಹಾಗಂತ ನೀವೇ ತೀರ್ಪು ಕೊಟ್ಕೋಬೇಡಿ. ಮೊದಲ ಸಲ ಬಂದಿದ್ರೆ, ಅದರಲ್ಲೂ ನಲವತ್ತು ದಾಟಿದ ಮೇಲೆ, ಡಾಕ್ಟರಿಗೆ ತೋರಿಸಲೇಬೇಕು. ಒಂದೇ ಕಣ್ಣು ಮಂಕಾದ್ರೆ, ಗಂಟೆ ದಾಟಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾಯ್ತು, ಕೈ ಎತ್ತೋಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ಗೂಗಲ್ ಮಾಡ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಬೈಕ್ ಓಡಿಸುವಾಗ ಗೆರೆ ಕಂಡ್ರೆ ಪಕ್ಕಕ್ಕೆ ಹಾಕಿ, ಪೂರ್ತಿ ಹೋಗೋವರೆಗೂ ಕೂತುಬಿಡಿ.

ಹೆಣ್ಣುಮಕ್ಕಳು ಇದನ್ನ ಗಮನ ಇಟ್ಟು ಕೇಳಿ. ಆರಾ ಇರೋರು ಈಸ್ಟ್ರೋಜನ್ ಇರೋ ಗರ್ಭನಿರೋಧಕ ಮಾತ್ರೆ ತಗೊಂಡ್ರೆ ಸ್ಟ್ರೋಕ್‌ನ ಅಪಾಯ ಹೆಚ್ಚುತ್ತೆ, ಸಿಗರೇಟೂ ಸೇರಿದ್ರೆ ಇನ್ನೂ ಜಾಸ್ತಿ. ಪಿಸಿಓಡಿಗೆ ಅಂತ ಕೊಡೋ ಎಷ್ಟೋ ಮಾತ್ರೆಗಳೂ ಇವೇ. ಡಾಕ್ಟರು ‘ಮೈಗ್ರೇನ್ ಇದ್ಯಾ?’ ಅಂತ ಕೇಳ್ತಾರೆ. ತಲೆ ನೋಯಲ್ವಲ್ಲ, ನಾವು ‘ಇಲ್ಲ’ ಅಂತೀವಿ. ಅಲ್ಲೇ ಎಡವಟ್ಟು. ‘ತಲೆನೋವಿಲ್ಲ, ಆದ್ರೆ ಕಣ್ಣಮುಂದೆ ಮಿನುಗೋ ಗೆರೆ ಬರುತ್ತೆ’ ಅಂತ ನೀವಾಗೇ ಹೇಳಿ. ಯಾವತ್ತು ಬಂತು, ಎಷ್ಟು ನಿಮಿಷ ಇತ್ತು ಅನ್ನೋದನ್ನ ಫೋನಲ್ಲಿ ಬರೆದಿಟ್ಟಿದ್ರೆ ಅದನ್ನೂ ತೋರಿಸಿ.