ಬಾಣಂತಿಯನ್ನು ಯಾರೂ ಕೇಳದ ಪ್ರಶ್ನೆ

(ನಮ್ಮ ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಟಕರು "ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದಾಗ ನಾವು ಹಿಂಜರಿದೆವು. ನಾವು ವೈದ್ಯರಲ್ಲ. ಎಂ.ಎಸ್. ಓದಿಕೊಂಡು ಸಾಫ್ಟ್‌ವೇರ್ ಬರೆದುಕೊಂಡಿರುವ ಗಂಡ ಹೆಂಡತಿ. ಆದರೆ ನಾವೇ ಅನುಭವಿಸಿದ ಒಂದು ವಿಷಯವಿದೆ, ಅದನ್ನು ಈ ಊರಿನ ಯಾವ ಕನ್ನಡ ಸಭೆಯಲ್ಲೂ ಇದುವರೆಗೆ ಕೇಳಿಲ್ಲ. ಹೆರಿಗೆಯಾದ ಮೇಲೆ ಬಾಣಂತಿ ಮೊದಲ ಸಲ ಎರಡಕ್ಕೆ ಹೋಗುವ ವಿಷಯ. ಊಟಕ್ಕೆ ಮುಂಚೆ ಇದೇನು ಎಂದು ಬೈದುಕೊಳ್ಳಬೇಡಿ. ಊಟಕ್ಕೂ ಇದಕ್ಕೂ ಹತ್ತಿರದ ಸಂಬಂಧ ಇದೆ, ಮುಂದೆ ಹೇಳುತ್ತೇವೆ.

ನಮ್ಮ ಮೊದಲ ಮಗು ಹುಟ್ಟಿದ್ದು 2012ರ ನವೆಂಬರಿನಲ್ಲಿ. ಆಗ ನಮ್ಮದು ರೆಡ್ಮಂಡಿನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಇಲ್ಲಿಯ ನವೆಂಬರ್ ನಿಮಗೆ ಗೊತ್ತೇ ಇದೆ. ನಾಲ್ಕೂವರೆಗೆ ಕತ್ತಲು, ದಿನವಿಡೀ ಜಿಟಿಜಿಟಿ ಮಳೆ. ಬಾಣಂತನಕ್ಕೆಂದು ಅಮ್ಮ ಹಾಸನದಿಂದ ಬಂದಿದ್ದರು. ಸೂಟ್‌ಕೇಸಿನ ತುಂಬ ಒಣಶುಂಠಿ, ಹಿಪ್ಪಲಿ, ಕಾಳುಮೆಣಸು, ಓಂಕಾಳು, ಲೇಹ್ಯ. ನಾವೂ ತಯಾರಾಗಿದ್ದೆವು. ಹೆರಿಗೆ ತರಗತಿಗೆ ಹೋಗಿದ್ದೆವು, ಕಾರ್ ಸೀಟ್ ಕೂರಿಸಿದ್ದೆವು, ಸ್ಪ್ರೆಡ್‌ಶೀಟ್ ಕೂಡ ಮಾಡಿದ್ದೆವು. ಮಗು ದಿನಕ್ಕೆ ಎಷ್ಟು ಸಲ ಒಂದು, ಎಷ್ಟು ಸಲ ಎರಡು ಮಾಡಿತು ಎಂದು ಬರೆಯಲು ಅದರಲ್ಲಿ ಕಾಲಂ ಇತ್ತು. ತಾಯಿಗೆ ಅಂಥ ಕಾಲಂ ಇರಲಿಲ್ಲ.

ಹೆರಿಗೆ ಸಹಜವಾಗಿಯೇ ಆಯಿತು, ಆದರೆ ಹೊಲಿಗೆ ಬಿತ್ತು. ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್ನಿಗೆ 96 ಗಂಟೆಗಿಂತ ಕಡಿಮೆಗೆ ವಿಮಾ ಕಂಪನಿಗಳು ಆಸ್ಪತ್ರೆ ವಾಸವನ್ನು ಇಳಿಸಬಾರದು ಎಂದು ಅಮೆರಿಕದಲ್ಲಿ 1996ರ ಕಾನೂನಿದೆ. ಹಾಗಾಗಿ ಎರಡು ದಿನಕ್ಕೆ ಮನೆಗೆ ಬಂದೆವು. ಕೈಯಲ್ಲಿ ಕಾಗದದ ದೊಡ್ಡ ಕಟ್ಟು. ಮಲಬದ್ಧತೆಯ ಬಗ್ಗೆ ಅದರಲ್ಲಿ ಬರೆದಿತ್ತೋ ಏನೋ, ಓದುವ ಸ್ಥಿತಿಯಲ್ಲಿ ನಾವಿರಲಿಲ್ಲ. ಮೊದಲ ಬಾರಿ ಹೊಟ್ಟೆ ಸಡಿಲವಾಗುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ. ಅಂದರೆ ನರ್ಸ್ ಬಳಿಯಲ್ಲಿಲ್ಲದ ದಿನ!

ಮೂರನೆಯ ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಒತ್ತಡ ಬಂತು, ಆದರೆ ಹೊಲಿಗೆ ಬಿಚ್ಚಿಹೋದರೆ ಎಂಬ ಭಯ. ನಮ್ಮಲ್ಲಿ ಒಬ್ಬರು ಬಾಗಿಲ ಒಳಗೆ ಅಳುತ್ತ, ಇನ್ನೊಬ್ಬರು ಬಾಗಿಲ ಹೊರಗೆ ಏನು ಕೇಳಬೇಕೆಂದು ತಿಳಿಯದೆ ನಿಂತು. ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ತಿಂದರೆ ತಾನೇ ಹೋಗಬೇಕಾಗುವುದು ಎಂದು ಬಾಣಂತಿ ಊಟವನ್ನೇ ಕಡಿಮೆ ಮಾಡಿದಳು. ಅಮ್ಮ ಬಡಿಸಿದ ಅನ್ನ ಮೆಣಸಿನ ಸಾರು ತಟ್ಟೆಯಲ್ಲೇ ಉಳಿಯುತ್ತಿತ್ತು. ಐದನೆಯ ದಿನ ಮಗುವಿನ ತೂಕ ನೋಡಿದ ಮಕ್ಕಳ ಡಾಕ್ಟರು, "ಇನ್ನೂ ಏರಿಲ್ಲ, ತಾಯಿ ಸರಿಯಾಗಿ ಊಟ ಮಾಡುತ್ತಿದ್ದಾರಾ?" ಎಂದರು. ಕಾರಿನಲ್ಲಿ ವಾಪಸು ಬರುವಾಗ ನಮ್ಮಿಬ್ಬರಲ್ಲಿ ಒಂದು ಮಾತೂ ಇಲ್ಲ.

ಅಂದು ರಾತ್ರಿ ವಿಮೆಯ ನರ್ಸ್ ಲೈನಿಗೆ ಫೋನ್ ಮಾಡಿದೆವು. ಆಕೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದೀರಿ?" ನಾವು ಅಮ್ಮನ ಮುಖ ನೋಡಿದೆವು. ಬಾಣಂತಿಗೆ ನೀರು ಹೆಚ್ಚು ಕೊಟ್ಟರೆ ಮೈ ಊದುತ್ತದೆ, ಹೊಟ್ಟೆ ಇಳಿಯುವುದಿಲ್ಲ, ಶೀತವಾಗುತ್ತದೆ ಎಂದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನಂಬಿಕೆ. ಆಸ್ಪತ್ರೆಯಲ್ಲಿ ದೊಡ್ಡ ಜಗ್ಗಿನಲ್ಲಿ ಐಸ್ ನೀರು ತಂದಿಟ್ಟಾಗ ಅಮ್ಮ ಅದನ್ನು ಕಿಟಕಿ ಪಕ್ಕ ಸರಿಸಿಟ್ಟಿದ್ದರು. ಮನೆಯಲ್ಲಿ ಊಟದ ಜೊತೆ ಅರ್ಧ ಲೋಟ, ಅಷ್ಟೆ. ಅದು ಅವರ ಪ್ರೀತಿಯೇ, ನಿರ್ಲಕ್ಷ್ಯವಲ್ಲ.

ಫೋನ್ ಇಟ್ಟ ಮೇಲೆ ಅಮ್ಮ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳ ಪಕ್ಕ ಕುಳಿತು, "ನನಗೂ ಹೀಗೇ ಆಗಿತ್ತು ಕಣೇ" ಎಂದರು. 1978ರಲ್ಲಿ ಹಾಸನ ಜಿಲ್ಲೆಯ ಹಳ್ಳಿಯ ಮನೆಯಲ್ಲಿ ಅವರ ಮೊದಲ ಬಾಣಂತನ. ಮನೆಯಲ್ಲಿ ಕಕ್ಕಸು ಇರಲಿಲ್ಲ. ಬೆಳಕು ಹರಿಯುವ ಮುಂಚೆ ಇಲ್ಲವೇ ಕತ್ತಲಾದ ಮೇಲೆ ಬೇಲಿಯಾಚೆ ಹೋಗಬೇಕು. ಹಸಿ ಬಾಣಂತಿ ಒಬ್ಬಳೇ ಹೊರಗೆ ಹೋಗುವಂತಿಲ್ಲ, ಜೊತೆಗೆ ಬನ್ನಿ ಎಂದು ಕೇಳಲು ನಾಚಿಕೆ. ತಡೆದರು, ತಡೆದರು. ಅಂದು ಶುರುವಾದ ಮೂಲವ್ಯಾಧಿ ಅವರನ್ನು ಬಿಟ್ಟಿಲ್ಲ. ಮೂವತ್ತನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಅವರ ಮಗಳಿಗೂ ಅದು ಗೊತ್ತಾದದ್ದು ಆ ರಾತ್ರಿಯೇ.

ಸಮಸ್ಯೆಗೆ ಪರಿಹಾರ ಹುಡುಕಿದ್ದೂ ಅಮ್ಮನೇ. ಫ್ಲಾಸ್ಕಿನ ತುಂಬ ಓಂಕಾಳು ಹಾಕಿ ಕುದಿಸಿ ಆರಿಸಿದ ಬೆಚ್ಚಗಿನ ನೀರು. ಮಗುವಿಗೆ ಹಾಲು ಕೊಡಲು ಕೂತಾಗೆಲ್ಲ ಒಂದು ದೊಡ್ಡ ಲೋಟ. ಬೆಚ್ಚಗಿದೆ ಎಂದು ಅಮ್ಮನಿಗೆ ಸಮಾಧಾನ, ನೀರು ಸಾಕಷ್ಟಾಯಿತು ಎಂದು ನರ್ಸಿಗೆ ಸಮಾಧಾನ. ನರ್ಸ್ ಹೇಳಿದ ಮಲ ಮೆದುವಾಗಿಸುವ ಔಷಧಿಯೂ ಸೇರಿ ಮಾರನೆಯ ದಿನ ಸಂಜೆಗೆ ಬಿಡುಗಡೆಯಾಯಿತು. ನೋವು ನಾವು ಭಯಪಟ್ಟಷ್ಟು ಇರಲಿಲ್ಲ. ಹೊಲಿಗೆ ಬಿಚ್ಚಲಿಲ್ಲ. ಅಂದು ಅಮ್ಮ ಬಡಿಸಿದ ಸಬ್ಬಸಿಗೆ ಸೊಪ್ಪಿನ ಪಲ್ಯ ಎರಡನೆಯ ಸಲ ಹಾಕಿಸಿಕೊಂಡು ತಿಂದದ್ದು ನೆನಪಿದೆ. ವಾರದೊಳಗೆ ಮಗುವಿನ ತೂಕವೂ ಏರಿತು.

ಹೀಗೇಕೆ ಆಗುತ್ತದೆ? ಇಂಜಿನಿಯರುಗಳಾದ್ದರಿಂದ ಕಾರಣ ಹುಡುಕದೆ ಬಿಡಲಿಲ್ಲ. ಬಸುರಿನಲ್ಲಿ ಹೆಚ್ಚುವ ಪ್ರೊಜೆಸ್ಟರಾನ್ ಹಾರ್ಮೋನು ಕರುಳಿನ ಚಲನೆಯನ್ನು ನಿಧಾನ ಮಾಡಿರುತ್ತದೆ. ಹೆರಿಗೆಯ ಹೊತ್ತಿನಲ್ಲಿ ಸರಿಯಾಗಿ ಊಟ ಇರುವುದಿಲ್ಲ. ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಮಾತ್ರೆ ಮಲವನ್ನು ಗಟ್ಟಿ ಮಾಡಬಹುದು. ಸಿಸೇರಿಯನ್ ಆದವರಿಗೆ ಕೊಡುವ ಓಪಿಯಾಯ್ಡ್ ನೋವುನಿವಾರಕ ಕರುಳನ್ನೇ ಜೋಂಪು ಹಿಡಿಸುತ್ತದೆ. ಎದೆಹಾಲಿಗೆ ಮೈಯ ನೀರು ಖರ್ಚಾಗುತ್ತದೆ. ಇದೆಲ್ಲದರ ಮೇಲೆ ಭಯ. ತಡೆದಷ್ಟೂ ಕರುಳು ನೀರು ಹೀರಿಕೊಳ್ಳುತ್ತದೆ, ಮಲ ಇನ್ನೂ ಗಟ್ಟಿಯಾಗುತ್ತದೆ, ಭಯ ಇನ್ನೂ ಹೆಚ್ಚುತ್ತದೆ. ನಮ್ಮ ಭಾಷೆಯಲ್ಲಿ ಇದು ಹೊರಬರಲಾಗದ ಲೂಪ್.

2016ರಲ್ಲಿ ಎರಡನೆಯ ಮಗುವಿನ ಹೊತ್ತಿಗೆ ನಾವು ಕಲಿತಿದ್ದೆವು. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿ. ಡೊಕ್ಯುಸೇಟ್, ಪಾಲಿಇಥಿಲೀನ್ ಗ್ಲೈಕಾಲ್ ಮುಂತಾದವು ಇಲ್ಲಿ ಚೀಟಿಯಿಲ್ಲದೆ ಸಿಗುತ್ತವೆ, ಆದರೆ ಯಾವುದು, ಎಷ್ಟು ಎಂದು ನಿಮ್ಮ ಡಾಕ್ಟರೇ ಹೇಳಲಿ. ಕಬ್ಬಿಣದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಊರಿನಿಂದ ಬಂದ ಹರಳೆಣ್ಣೆ, ಚೂರ್ಣ, ಲೇಹ್ಯಗಳನ್ನೂ ಅವರಿಗೆ ಹೇಳದೆ ಕೊಡಬೇಡಿ. ಹೊಲಿಗೆ ಗುದದ್ವಾರದವರೆಗೆ ಬಿದ್ದಿದ್ದರೆ ಎನಿಮಾ, ಗುದದಲ್ಲಿಡುವ ಗುಳಿಗೆ ಡಾಕ್ಟರ ಅನುಮತಿಯಿಲ್ಲದೆ ಬೇಡವೇ ಬೇಡ.

ಎರಡನೆಯದು ಊಟ. ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ ಎಲ್ಲ ಇರಲಿ, ಜೊತೆಗೆ ಸೊಪ್ಪು, ಬೇಳೆ, ತರಕಾರಿ, ಹಣ್ಣು ಇರಲಿ. ನೀರಿನಲ್ಲಿ ನೆನೆಸಿದ ಒಣದ್ರಾಕ್ಷಿ, ಅಂಜೂರ ಒಳ್ಳೆಯದು. ಕಾಸ್ಕೋದಲ್ಲಿ ಸಿಗುವ ಪ್ರೂನ್ ಹಣ್ಣಿನಲ್ಲಿ ನಾರಿನ ಜೊತೆ ಸಾರ್ಬಿಟಾಲ್ ಎಂಬ ಅಂಶವಿದ್ದು, ಅದು ಕರುಳಿಗೆ ನೀರನ್ನು ಎಳೆಯುತ್ತದೆ.

ಮೂರನೆಯದು ಕೂರುವ ರೀತಿ. ನಮ್ಮ ಹಿರಿಯರು ಕುಕ್ಕರಗಾಲಿನಲ್ಲಿ ಕೂರುತ್ತಿದ್ದುದರಲ್ಲಿ ಅರ್ಥವಿತ್ತು. ಕಮೋಡಿನ ಮುಂದೆ ಚಿಕ್ಕ ಸ್ಟೂಲಿಟ್ಟು ಅದರ ಮೇಲೆ ಪಾದ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ, ಸ್ವಲ್ಪ ಮುಂದೆ ಬಾಗಿ. ಉಸಿರು ಬಿಗಿಹಿಡಿದು ಮುಕ್ಕಬೇಡಿ, ಬಾಯಿ ತೆರೆದು ನಿಧಾನವಾಗಿ ಉಸಿರು ಬಿಡಿ. ಹೊಲಿಗೆಯ ಜಾಗಕ್ಕೆ ಶುಭ್ರವಾದ ಪ್ಯಾಡನ್ನು ಮೆಲ್ಲಗೆ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ. ಸಿಸೇರಿಯನ್ ಆದವರು ಹೊಟ್ಟೆಗೆ ದಿಂಬು ಒತ್ತಿಕೊಳ್ಳಬಹುದು. ಬೆಳಗಿನ ತಿಂಡಿ, ಬಿಸಿ ಕುಡಿಯುವುದು ಆದ ಮೇಲೆ ಕರುಳು ತಾನಾಗಿ ಎಚ್ಚರವಾಗುತ್ತದೆ, ಆ ಕರೆ ಬಂದಾಗ ತಡೆಯದೆ ಹೋಗಿ. ಆ ಹದಿನೈದು ನಿಮಿಷ ಮಗುವನ್ನು ಬೇರೆಯವರು ಎತ್ತಿಕೊಳ್ಳಲಿ.

ಕೊನೆಯದು, ಯಾವಾಗ ಕಾಯಬಾರದು ಎಂಬುದು. ನಾಲ್ಕು ದಿನವಾದರೂ ಹೋಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಹೊಟ್ಟೆ ಊದಿ ವಾಂತಿಯಾದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಹೋದರೆ, ನೋವು ಹೆಚ್ಚುತ್ತಲೇ ಹೋದರೆ, ಮಲವಾಗಲಿ ವಾಯುವಾಗಲಿ ತಡೆಯಲು ಆಗದಿದ್ದರೆ ತಕ್ಷಣ ಫೋನ್ ಮಾಡಿ. ಆರು ವಾರದ ಭೇಟಿಯಲ್ಲಿ ಹೇಳೋಣ ಎಂದುಕೊಳ್ಳಬೇಡಿ.

ಗಂಡಸರಿಗೆ ಒಂದು ಮಾತು. 2020ರ ಜನವರಿಯಿಂದ ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳದ ಒಂದು ಭಾಗ ಸಿಗುವ ಕೌಟುಂಬಿಕ ರಜೆ ಬಂದಿದೆ, ಅಪ್ಪಂದಿರಿಗೂ ಇದೆ. ಆ ರಜೆಯಲ್ಲಿ ಮಗುವಿನ ಫೋಟೋ ತೆಗೆದರೆ ಸಾಲದು. ಫ್ಲಾಸ್ಕಿನಲ್ಲಿ ನೀರಿದೆಯೇ ನೋಡಿ. ಬಾಗಿಲ ಹೊರಗೆ ಸುಮ್ಮನೆ ನಿಲ್ಲಬೇಡಿ, ಬಾಯಿಬಿಟ್ಟು ಕೇಳಿ.

ಇಂದು ಇಲ್ಲಿ ನೀವು ಬರೆಯುವ ಚೆಕ್ಕುಗಳಿಗೆ ಸಂಸ್ಥೆಯ ಜೊತೆ ನಾವೂ ಕೃತಜ್ಞರು. ಆದರೆ ಚೆಕ್ ಬೇಡದ ಒಂದು ಸಹಾಯವೂ ಇದೆ. ಬಾಥೆಲ್‌ನಿಂದ ಸಮಾಮಿಶ್‌ವರೆಗೆ ನಮ್ಮವರ ಮನೆಯಲ್ಲಿ ಹೆರಿಗೆಯಾದರೆ ಡಬ್ಬಿಯಲ್ಲಿ ಸಾರು ಪಲ್ಯ ತುಂಬಿಕೊಂಡು ಹೋಗುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಈ ಸಲ ಹೋದಾಗ ಮಗು ಯಾರ ಹಾಗಿದೆ ಎಂದು ಹೇಳುವ ಮುಂಚೆ, ತಾಯಿಯ ಪಕ್ಕ ಕುಳಿತು ಮೆಲ್ಲಗೆ, "ಹೊಟ್ಟೆ ಸರಿಹೋಯಿತೇನಮ್ಮ?" ಎಂದು ಕೇಳಿ. ಅಮ್ಮನನ್ನು 1978ರಲ್ಲಿ ಯಾರಾದರೂ ಹಾಗೆ ಕೇಳಿದ್ದರೆ ಎಂದು ನಮಗೆ ಈಗಲೂ ಅನ್ನಿಸುತ್ತದೆ.

ಮಾತು ಮುಗಿಸುತ್ತೇವೆ, ಊಟ ಕಾಯುತ್ತಿದೆ. ಸೊಪ್ಪಿನ ಪಲ್ಯ ಬಿಡಬೇಡಿ, ನೀರು ಚೆನ್ನಾಗಿ ಕುಡಿಯಿರಿ.

 ಸಿರಿಗನ್ನಡಂ ಗೆಲ್ಗೆ.