ಲಾರಿಯ ನಂಬರು ಬರೆದುಕೊಳ್ಳಿ

(ಕಾಪುವಿನಲ್ಲಿ ಕಾರ್ಖಾನೆ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಕೂಡಿರುವ ಈ ಊರನ್ನು ಸೀಳಿಕೊಂಡು ರಾಷ್ಟ್ರೀಯ ಹೆದ್ದಾರಿ 66 ಹೋಗುತ್ತದೆ. ಹಿಂದೆ ಅದನ್ನೇ ಹದಿನೇಳು ಎನ್ನುತ್ತಿದ್ದೆವು. ಮಲ್ಪೆಯ ಮೀನಾಗಲಿ, ಕಾರ್ಕಳದ ಕಲ್ಲಾಗಲಿ, ನಮ್ಮ ಮನೆಯ ಅಕ್ಕಿಯಾಗಲಿ ಲಾರಿಯಿಲ್ಲದೆ ಬರುವುದಿಲ್ಲ. ಅದೇ ದಾರಿಯ ಅಂಚಿನಲ್ಲಿ ನಾವು ನಡೆಯುತ್ತೇವೆ, ಸೈಕಲ್ ತುಳಿಯುತ್ತೇವೆ, ಗೂಡಂಗಡಿ ಇಟ್ಟುಕೊಂಡಿದ್ದೇವೆ. ಆದಕಾರಣ ಲಾರಿ ತಗಲಿದರೆ ಏನು ಮಾಡಬೇಕೆಂಬುದು ವಕೀಲರಿಗೆ ಮಾತ್ರ ಬೇಕಾದ ವಿದ್ಯೆಯಲ್ಲ, ನಮ್ಮ ಹೊಟ್ಟೆಪಾಡಿನ ವಿಷಯ.

ಒಂದು ಸಂಗತಿ ಹೇಳುತ್ತೇವೆ. ಕಾರ್ಕಳದಿಂದ ಪಡುಬಿದ್ರಿಗೆ ಬರುವ ರಸ್ತೆಯಲ್ಲಿ ಒಂದು ಸಂಜೆ, ಗೇರುಬೀಜ ಕಾರ್ಖಾನೆಯ ಕೆಲಸ ಬಿಟ್ಟು ಮನೆಗೆ ನಡೆಯುತ್ತಿದ್ದ ತಾಯಿಯೊಬ್ಬರಿಗೆ ಲಾರಿ ತಗಲಿ ಕಾಲು ಮುರಿಯಿತು. ಡ್ರೈವರ್ ಇಳಿದು ಬಂದ. ಸೇರಿದ ಜನ ಅವನ ಮೇಲೆ ಕೈಮಾಡಲು ಹೊರಟರು. ಅವನು ಹೆದರಿ ಲಾರಿ ಹತ್ತಿ ಓಡಿಸಿಕೊಂಡು ಹೋದ. ಆ ಗದ್ದಲದಲ್ಲಿ ನಂಬರನ್ನು ಒಬ್ಬರೂ ನೋಡಲಿಲ್ಲ. ಆಸ್ಪತ್ರೆಗೆ ಸೇರಿಸಿದ ನೆಂಟ, ಪೊಲೀಸು ಠಾಣೆಯ ಅಲೆದಾಟಕ್ಕೆ ಅಂಜಿ, ‘ದಾರಿಯಲ್ಲಿ ಬಿದ್ದರು’ ಎಂದು ಬರೆಸಿದ. ಎರಡು ತಿಂಗಳ ಮೇಲೆ ಆಕೆ ಕೋಲೂರಿಕೊಂಡು ನಮ್ಮಲ್ಲಿಗೆ ಬಂದಾಗ ಕೈಯಲ್ಲಿದ್ದದ್ದು ಔಷಧದ ಬಿಲ್ಲು ಮತ್ತು ‘ಬಿದ್ದರು’ ಎನ್ನುವ ಚೀಟಿ.

ಬಂಧುಗಳೇ, ಆ ಗುಂಪಿನಲ್ಲಿ ನಾವೂ ಇದ್ದೆವು. ಕೂಗಿದವರಲ್ಲಿ ನಾವೂ ಸೇರಿದ್ದೆವು. ಆದ್ದರಿಂದಲೇ ಈ ಮಾತನ್ನು ಹೇಳುವ ಹೊಣೆ ನಮ್ಮ ಮೇಲಿದೆ.

ನಮ್ಮ ಸಿಟ್ಟಿನಿಂದ ಆಕೆಗೆ ಎಷ್ಟು ನಷ್ಟವಾಯಿತು? ನಾವು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು; ಲೆಕ್ಕವನ್ನೇ ಮಾಡೋಣ. ಗುದ್ದಿದ ವಾಹನದ ಗುರುತು ಸಿಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ. ಅದಕ್ಕೂ ಅಪಘಾತ ನಡೆದದ್ದಕ್ಕೆ ದಾಖಲೆ ಬೇಕು.

ಇನ್ನು ನಂಬರು ಗೊತ್ತಿದ್ದರೆ? ಪ್ರತಿ ಲಾರಿಗೂ ವಿಮೆ ಕಡ್ಡಾಯ. ತೀವ್ರ ಗಾಯಕ್ಕೆ, ತಪ್ಪು ಯಾರದೆಂದು ಸಾಧಿಸದೆಯೇ, ಎರಡೂವರೆ ಲಕ್ಷ ಕೇಳಬಹುದು. ತಪ್ಪು ಲಾರಿಯದೆಂದು ಸಾಧಿಸುವ ದಾರಿ ಹಿಡಿದರೆ ಪೂರ್ತಿ ನಷ್ಟವನ್ನೇ ಕೇಳಬಹುದು. ವಯಸ್ಸು 38, ತಿಂಗಳ ಸಂಪಾದನೆ 12,000, ದುಡಿಯುವ ಶಕ್ತಿ ನೂರಕ್ಕೆ 30ರಷ್ಟು ಹೋಯಿತು ಎನ್ನಿ. ವರ್ಷದ ನಷ್ಟ 43,200. ಆ ವಯಸ್ಸಿಗೆ ಸುಪ್ರೀಂ ಕೋರ್ಟು ಒಪ್ಪಿದ ಕೋಷ್ಟಕದಂತೆ ಹದಿನೈದರಿಂದ ಗುಣಿಸಬೇಕು. 6,48,000 ರೂಪಾಯಿ! ಆಸ್ಪತ್ರೆಯ ಖರ್ಚು, ನೋವಿನ ಬಾಬ್ತು ಬೇರೆ. ಇಷ್ಟನ್ನೂ ಒಂದು ನಂಬರಿನೊಡನೆ ನಾವು ಓಡಿಸಿಬಿಟ್ಟೆವು.

ಡ್ರೈವರನೂ ನಮ್ಮಂತೆ ದುಡಿದು ತಿನ್ನುವವನೇ. ಗಾಯಗೊಂಡವರನ್ನು ವೈದ್ಯರಲ್ಲಿಗೆ ಒಯ್ಯುವುದು ಅವನ ಕರ್ತವ್ಯ ಎನ್ನುವ ಮೋಟಾರು ವಾಹನ ಕಾಯಿದೆಯೇ, ಗುಂಪಿನ ರೋಷದಿಂದ ಅದು ಸಾಧ್ಯವಾಗದಿದ್ದರೆ ಹೊರತು ಎಂದು ಸೇರಿಸಿದೆ. ನಮ್ಮ ರೋಷ ಅವನಿಗೆ ನೆಪವಾಗುತ್ತದೆ, ಗಾಯಾಳುವಿಗೆ ಕೇಡಾಗುತ್ತದೆ.

‘ನಮ್ಮಲ್ಲಿ ಸಂಬಳದ ಚೀಟಿ ಇಲ್ಲ, ಅಂಗಡಿಗೆ ಲೆಕ್ಕದ ಪುಸ್ತಕವಿಲ್ಲ, ನಮಗೆ ಯಾರು ಕೊಡುತ್ತಾರೆ?’ ಎಂದು ಕೆಲವರು ಕೇಳುತ್ತಾರೆ. ನಮ್ಮ ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳು ಇದಕ್ಕೆ ಉತ್ತರ. 2011ರಲ್ಲಿ ಕೂಲಿಯೊಬ್ಬನು ಹೇಳಿದ ತಿಂಗಳಿಗೆ 4,500 ರೂಪಾಯಿ ಸಂಪಾದನೆಯನ್ನು, ದಾಖಲೆ ಇಲ್ಲದಿದ್ದರೂ, ಸುಪ್ರೀಂ ಕೋರ್ಟು ಒಪ್ಪಿತು. 2014ರಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಸಂಪಾದನೆಯನ್ನು 6,500 ಎಂದೂ, ದುಡಿಮೆಯ ನಷ್ಟವನ್ನು ನೂರಕ್ಕೆ 85 ಎಂದೂ ಹಿಡಿಯಿತು. ಕುಳಿತು ಮಾರುವವನಿಗೂ ಸಗಟು ಪೇಟೆಯಿಂದ ಮಾಲು ತರಲು ಕಾಲು ಬೇಕಲ್ಲವೇ? ಮೈಗೆ ಆದ ಊನ ಒಂದು ಲೆಕ್ಕ, ಕಸುಬಿಗೆ ಆದ ಊನ ಇನ್ನೊಂದು ಲೆಕ್ಕ. ಕೈ ಹೋದ ಬಡಗಿಯೂ ಕೈ ಹೋದ ಗುಮಾಸ್ತನೂ ಸಮನಲ್ಲ. ವೈದ್ಯರ ಮುಂದೆಯೂ ಕೋರ್ಟಿನ ಮುಂದೆಯೂ ನಿಮ್ಮ ಕೆಲಸ ಎಂಥದೆಂದು ಬಿಡಿಸಿ ಹೇಳಿರಿ.

ಹಾಗಾದರೆ ಮಾಡಬೇಕಾದದ್ದೇನು? ನಂಬರು ಬರೆದುಕೊಳ್ಳಿ, ಜೇಬಿನ ಫೋನಿನಲ್ಲಿ ಚಿತ್ರ ಹಿಡಿಯಿರಿ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವರನ್ನು ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ; ಆ ಅಂಜಿಕೆ ಬಿಡಿ. ಆಸ್ಪತ್ರೆಯಲ್ಲಿ ಮೊದಲ ಗಳಿಗೆಯಲ್ಲೇ ‘ಲಾರಿ ತಗಲಿ ಗಾಯ’ ಎಂದು ಇದ್ದದ್ದನ್ನು ಇದ್ದಂತೆ ಬರೆಸಿ. 2025ರ ಮೇ ತಿಂಗಳಲ್ಲಿ ಬಂದ ಯೋಜನೆಯಂತೆ, ನಿಗದಿಯಾದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ ಒಂದೂವರೆ ಲಕ್ಷದವರೆಗೆ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು, ಕೇಳಿರಿ. ಠಾಣೆಗೆ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಪರಿಹಾರ ನ್ಯಾಯಮಂಡಲಿಗೆ ಕಳುಹಿಸಬೇಕು.

ಹಾಸಿಗೆಯ ಬಳಿಗೆ ಧಣಿಯ ಕಡೆಯವರು ಹತ್ತು ಸಾವಿರ ಹಿಡಿದು ರಾಜಿಪತ್ರ ತಂದರೆ ಹೆಬ್ಬೆಟ್ಟು ಒತ್ತಬೇಡಿ. ‘ಬಂದದ್ದರಲ್ಲಿ ಇಷ್ಟು ಪಾಲು ಕೊಡಿ, ಕೇಸು ನಡೆಸುತ್ತೇನೆ’ ಎನ್ನುವವರಿಗೂ ರುಜು ಕೊಡಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ.

ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾಯಿದೆ ಹೆಂಗಸರಿಗೆ, ಕಾರ್ಖಾನೆ ಕೆಲಸಗಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಟ್ಟಿದೆ. ಉಳಿದವರಿಗೆ ಆದಾಯದ ಮಿತಿಯುಂಟು. ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ದೂರದ ಊರಿನಲ್ಲಿ ಗಾಯವಾದರೂ ನೀವು ವಾಸವಿರುವ ಕಡೆಯ ನ್ಯಾಯಮಂಡಲಿಯಲ್ಲೇ ಅರ್ಜಿ ಹಾಕಬಹುದು. ಅರ್ಜಿಗೆ ಆರು ತಿಂಗಳ ಗಡುವು ಕಾಯಿದೆಯಲ್ಲಿದೆ. ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ವಾದ ಎದ್ದಿದೆ. ವಾದವನ್ನು ನೆಚ್ಚಿ ಕುಳಿತುಕೊಳ್ಳಬೇಡಿ.

1956ರ ತಿದ್ದುಪಡಿಗೆ ಮುನ್ನ ಇಂಥ ನ್ಯಾಯಮಂಡಲಿಯೇ ಇರಲಿಲ್ಲ. ಬಡವನು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಈಗ ಬಾಗಿಲು ಇದೆ. ಅದರೊಳಗೆ ನಾವು ಕೇಳುವುದು ಭಿಕ್ಷೆಯಲ್ಲ, ನಮ್ಮ ದುಡಿಮೆಯ ಬೆಲೆ.

ಆ ತಾಯಿ ಈಗ ನಿಂತು ಮಾಡುವ ಕೆಲಸಕ್ಕೆ ಹೋಗಲಾರರು. ಅವರ ಮುಖ ನೋಡಿದಾಗಲೆಲ್ಲ ನಮಗೆ ಆ ಸಂಜೆ ನೆನಪಾಗುತ್ತದೆ. ಮುಂದೆ ಎಲ್ಲಿಯಾದರೂ ಲಾರಿ ತಗಲಿದ ಸದ್ದು ಕೇಳಿದರೆ ಇಬ್ಬರು ಗಾಯಾಳುವನ್ನು ಎತ್ತಲಿ, ಒಬ್ಬ ನಂಬರು ಬರೆದುಕೊಳ್ಳಲಿ, ಇನ್ನೊಬ್ಬ ಡ್ರೈವರನನ್ನು ಪಕ್ಕಕ್ಕೆ ಕೂರಿಸಿ ಕುಡಿಯಲು ನೀರು ಕೊಡಲಿ. ಇಷ್ಟನ್ನು ಮಾಡುತ್ತೇವೆಂದು ಒಪ್ಪಿಕೊಂಡು ಈ ಸಭೆಯಿಂದ ಏಳೋಣ.