ಮೊಬೈಲಿನಾಗ ಭೂಕಂಪ, ಮನಿಯಾಗ ಗೋಡೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈಗ ನಮ್ಮ ಹುಡುಗೂರೊಳಗ ಮೊಬೈಲ್ ಇಲ್ಲದವರು ಕಡಿಮಿ. ಅದರಾಗ ಹಾಡು ಅದ, ಕ್ರಿಕೆಟ್ ಅದ, ಬಜಾರದ ಭಾವ ಅದ. ಇವತ್ತು ನಾನು ಭೂಕಂಪ ತೋರಸೋ ಆ್ಯಪ್ ಬಗ್ಗೆ ಹೇಳಲಿಕ್ಕೆ ನಿಂತೀನಿ. "ನಮ್ಮ ಕಡೆ ಎಲ್ಲಿಯ ಭೂಕಂಪ?" ಅಂತ ನೀವು ಕೇಳಬಹುದು. 2025ರ ಏಪ್ರಿಲ್ 3ರಂದು ಮುಂಜಾನೆ 11 ಗಂಟೆ 22 ನಿಮಿಷಕ್ಕೆ ನಮ್ಮ ನೆರೆಯ ಸಾಂಗೋಲಾ ಭಾಗದಾಗ 2.6 ತೀವ್ರತೆಯ ಸಣ್ಣ ಕಂಪನ ದಾಖಲಾಗ್ಯದ. 2022ರ ಜುಲೈ 9ರಂದು ವಿಜಯಪುರದ ಕಡೆ 4.4 ತೀವ್ರತೆಯ ಭೂಕಂಪ ಆಗಿತ್ತು. ನಮ್ಮ ನೆಲ ಪೂರ್ತಿ ಸುಮ್ಮನ ಮಲಗಿಲ್ಲ.

ದಿಲ್ಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದವರು 'ಭೂಕಂಪ್' ಅನ್ನೋ ಆ್ಯಪ್ ಮಾಡ್ಯಾರ. ಅದನ್ನ ತೆರೆದರೆ ಇತ್ತೀಚೆಗೆ ಆದ ಭೂಕಂಪಗಳ ಪಟ್ಟಿ ಬರತದ. ದಿನಾಂಕ, ವೇಳೆ, ಜಾಗ, ಆಳ, ತೀವ್ರತೆ, ಈ ಐದು ನೋಡೂದು ಕಲತರ ಸಾಕು. ಅಮೆರಿಕದ ಯುಎಸ್‌ಜಿಎಸ್ ಸಂಸ್ಥೆಯ ಪಟ್ಟಿ ಇಡೀ ಜಗತ್ತಿನದು. ಆದರೆ ನಮ್ಮ ಕಡೆಯ ತೀರಾ ಸಣ್ಣ ಕಂಪನ ಅದರಾಗ ಸಾಮಾನ್ಯವಾಗಿ ಸಿಗೂದಿಲ್ಲ. ವೇಳೆ ನೋಡುವಾಗ ಎಚ್ಚರ ಇರಲಿ. ಜಾಗತಿಕ ಪಟ್ಟಿಯ ವೇಳೆಗೆ ಐದೂವರೆ ತಾಸು ಕೂಡಿಸಿದರೆ ನಮ್ಮ ವೇಳೆ. ಕಿಲ್ಲಾರಿಯ ಭೂಕಂಪ ನಮಗೆ 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಆ ಪಟ್ಟಿಯಾಗ ಅದು ಸೆಪ್ಟೆಂಬರ್ 29ರ ರಾತ್ರಿ.

ತೀವ್ರತೆಯ ಅಂಕಿ ನೋಡಿ ಮೋಸ ಹೋಗಬ್ಯಾಡ್ರಿ. ಒಂದು ಅಂಕಿ ಹೆಚ್ಚಾದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಸಾಂಗೋಲಾದ್ದು 2.6, ಕಿಲ್ಲಾರಿದು 6.2. ಲೆಕ್ಕ ಹಾಕಿದರೆ ಕಿಲ್ಲಾರಿಯ ಶಕ್ತಿ ಸುಮಾರು ಎರಡೂವರೆ ಲಕ್ಷ ಪಟ್ಟು! ಅದಕ್ಕ 2.6 ಕಂಡ ಕೂಡಲೆ ಹೌಹಾರಿ ಓಣಿ ತುಂಬ ಕೂಗಬಾರದು.

ಇನ್ನೊಂದು ಮಾತು. ಆ್ಯಪ್ ಆಗಿ ಹೋದದ್ದನ್ನ ಹೇಳತದ, ಆಗೂದನ್ನ ಹೇಳೂದಿಲ್ಲ. "ಇವತ್ತು ರಾತ್ರಿ ಎರಡಕ್ಕ ದೊಡ್ಡ ಭೂಕಂಪ" ಅಂತ ವಾಟ್ಸಾಪಿಗೆ ಬಂದರೆ ಅದು ಸುಳ್ಳು. ದಿನ, ವೇಳೆ ಮೊದಲೇ ಹೇಳೋ ವಿದ್ಯೆ ಜಗತ್ತಿನ ಯಾವ ವಿಜ್ಞಾನಿಯ ಕೈಯಾಗೂ ಇಲ್ಲ. 2021ರ ಅಕ್ಟೋಬರದಾಗ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಾಗ ಮ್ಯಾಲಿಂದ ಮ್ಯಾಲೆ ನೆಲ ನಡುಗಿ, ಮಂದಿ ಮನಿ ಬಿಟ್ಟು ಹೊರಗ ಮಲಗಿದರು. ಅಂಥಾ ಹೊತ್ತಿನಾಗ ಖರೆ ಯಾವುದು, ಗಾಳಿಸುದ್ದಿ ಯಾವುದು ಅಂತ ಓಣಿಗೆ ತಿಳಿಸೂದೇ ನಮ್ಮ ಹುಡುಗೂರ ದೊಡ್ಡ ಕೆಲಸ.

ಆಂಡ್ರಾಯ್ಡ್ ಮೊಬೈಲಿನಾಗ 2023ರಿಂದ ಭೂಕಂಪದ ಎಚ್ಚರಿಕೆಯ ಸೌಲಭ್ಯವೂ ಬಂದದ. ಸೆಟ್ಟಿಂಗಿನ ಸುರಕ್ಷತೆ ಭಾಗದಾಗ ಅದು ಇರತದ, ಲೊಕೇಶನ್ ಮತ್ತು ಇಂಟರ್ನೆಟ್ ಚಾಲೂ ಇರಬೇಕು. ನೆಲದೊಳಗಿಂದ ಮೊದಲು ಬರೋ ಹಗುರ ಅಲೆಯನ್ನ ಮೊಬೈಲ್‌ಗಳು ಗುರುತಿಸತಾವ. ಹಿಂದೆ ಬರೋ ಜೋರಿನ ಅಲೆ ಮುಟ್ಟೂದರೊಳಗ ಸಂದೇಶ ಬರತದ. ಸಿಗೋದು ಕೆಲವು ಸೆಕೆಂಡ್. ಕೇಂದ್ರದ ಹತ್ತಿರ ಇದ್ದವರಿಗೆ ಅಷ್ಟೂ ಸಿಗಲಿಕ್ಕಿಲ್ಲ.

ಆ ಕೆಲವು ಸೆಕೆಂಡಿನಾಗ ನಮ್ಮ ಗೋಡೆ ನಿಲ್ಲತದೇನು? ನನ್ನ ಖರೆ ಪ್ರಶ್ನೆ ಇದು.

ಕಿಲ್ಲಾರಿಯಾಗ ಅನಂತ ಚತುರ್ದಶಿಗೆ ಗಣಪತಿ ಕಳಿಸಿ ಮಂದಿ ಮಲಗಿದ್ದರು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಾಗ ಸುಮಾರು 10 ಸಾವಿರ ಜನ ಸತ್ತರು. ಸರಕಾರದ ನಕಾಶೆಯಾಗ ಆ ಭಾಗ ಅವಾಗ ಎಲ್ಲಕ್ಕಿಂತ ಕಡಿಮಿ ಅಪಾಯದ ವಲಯ! ಕೊಂದದ್ದು ಹೆಚ್ಚಾಗಿ ಗೋಡೆ ಮತ್ತು ಮಾಳಿಗಿ. ದಪ್ಪ ಕಲ್ಲಿನ ಗೋಡೆ, ನಡುವೆ ಬರೇ ಮಣ್ಣು, ಒಳಗಿನ ಪದರು ಹೊರಗಿನ ಪದರು ಹಿಡಿದಿಡಲಿಕ್ಕೆ ಅಡ್ಡಗಲ್ಲು ಇಲ್ಲ. ಮ್ಯಾಲೆ ಮಣ್ಣಿನ ಮಾಳಿಗಿ, ಸೋರಬಾರದಂತ ಮತ್ತ ಮತ್ತ ಹಾಕಿದ ಮಣ್ಣು. ಹಗುರ ಗುಡಿಸಲಾಗ ಮಲಗಿದ ಎಷ್ಟೋ ಬಡವರು ಉಳಕೊಂಡರು.

ಆಮ್ಯಾಲೆ ಏನಾತು? 52 ಹಳ್ಳಿ ಹೊಸ ಜಾಗಕ್ಕೆ ಹೋದವು. ಮನಿ ಹಂಚಿದ್ದು ಹೊಲದ ಲೆಕ್ಕದ ಮ್ಯಾಲೆ. ಭೂಮಿ ಇಲ್ಲದವರಿಗೆ, ಒಂದು ಹೆಕ್ಟೇರ್ ತನಕ ಇದ್ದವರಿಗೆ 250 ಚದರ ಅಡಿ. ಏಳು ಹೆಕ್ಟೇರ್ ತನಕ 400. ಅದಕ್ಕೂ ಮ್ಯಾಲೆ ಇದ್ದವರಿಗೆ 750. ನೆಲ ನಡುಗುವಾಗ ಯಾರಿಗೆ ಹೊಲ ಎಷ್ಟು ಅಂತ ಕೇಳಲಿಲ್ಲ. ಮನಿ ಕೊಡುವಾಗ ಕೇಳಿದರು. ಹೊಲ ಯಾರಿಗೆ ಇರಲಿಲ್ಲ ಅನ್ನೋದು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಂಗಳವೇಢೆಯ ಚೋಖಾಮೇಳಾ ಗೋಡೆ ಕಟ್ಟೋ ಕೆಲಸದಾಗ ಇದ್ದಾಗ, ಆ ಗೋಡೆ ಕುಸಿದೇ ಸತ್ತ ಅಂತ ಹಿಂದಿನಿಂದ ಹೇಳಿಕೊಂಡು ಬಂದಾರ. ಗೋಡೆ ಕಟ್ಟಿದವರ ಮ್ಯಾಲೇ ಗೋಡೆ ಬೀಳೋದು ನಮಗೆ ಹೊಸದಲ್ಲ. ಇವತ್ತೂ ನಮ್ಮೊಳಗ ಗೌಂಡಿಗಳದಾರ, ಸೆಂಟ್ರಿಂಗ್ ಮಾಡೋರದಾರ. ಊರಿಗೆಲ್ಲ ಗಟ್ಟಿ ಮನಿ ಕಟ್ಟೋ ಕೈ ನಮ್ಮ ಓಣಿಗೂ ಕಟ್ಟಲಿ.

ಅದಕ್ಕ ಸಂಘಕ್ಕ ಮೂರು ಮಾತು. ಒಂದು, ಓಣಿಗೆ ಇಬ್ಬರು, ಒಬ್ಬ ಹುಡುಗ ಒಬ್ಬಾಕಿ ಹುಡುಗಿ, ಈ ಆ್ಯಪ್ ಹಾಕಿಕೊಂಡು ಓದೂದು ಕಲೀಲಿ. ಎರಡು, ಒಂದು ರವಿವಾರ ಒಬ್ಬ ಗೌಂಡಿಯನ್ನ ಕರಕೊಂಡು ಮನಿ ಮನಿ ನೋಡ್ರಿ. ಹೊಟ್ಟೆ ಬಿಟ್ಟ ಗೋಡೆ, ಬಿರುಕು, ಭಾರದ ಮಾಳಿಗಿ ಬರಕೊಳ್ರಿ. ಅಂಥಾ ಗೋಡೆ ಬುಡಕ್ಕ ಮುದುಕರು, ಕೂಸುಗಳು ಮಲಗಬಾರದು. ಮೂರು, ಆ ಪಟ್ಟಿ ಗ್ರಾಮಸಭೆಯಾಗ ಇಡ್ರಿ, ರಮಾಯಿ ಆವಾಸ್ ಘರಕುಲ್ ಕೇಳ್ರಿ. ಕಟ್ಟುವಾಗ ಬಾಗಿಲ ಮ್ಯಾಲೆ ಮನಿ ಸುತ್ತ ಕಾಂಕ್ರೀಟಿನ ಪಟ್ಟಿ ಹಾಕಸ್ರಿ. ನಾಲ್ಕೂ ಗೋಡೆಯನ್ನ ಕಟ್ಟಿ ಹಿಡಿಯೋದು ಅದೇ.

ಸಭೆ ಮುಗಿದ ಮ್ಯಾಲೆ ಆ್ಯಪ್ ಹಾಕಿಕೊಳ್ಳೋರು ಇಲ್ಲೇ ಕುಂದರ್ರಿ, ಕೂಡಿ ನೋಡೋಣ. ಜೈಭೀಮ್.